ನಾಚಿಕೆ ಗಾಜು

ಪುಷ್ಯಮಾಸದ ಒಂದು ಬೆಳಿಗ್ಗೆ ತಾಪ ಕೇಂದ್ರದ ದೀಪಫಲಕದ ಮೇಲೆ ಗಾಣಿಗರ ಓಣಿಯ ಮನೆಗಳೆಲ್ಲ ಹಸಿರಾಗಿದ್ದವು, ಒಂದನ್ನು ಬಿಟ್ಟು. ಕೆಂಪಗೆ ಉರಿಯುತ್ತಿದ್ದ ಆ ಒಂದು ದೀಪ ಕೇಂದ್ರದಲ್ಲೇ ಕೆಲಸಕ್ಕಿದ್ದ ನೀಲಗಂಗಾಳ ಸ್ವಂತ ಮನೆಯದು.

ಅವಳು ಚೀಲ ಕೆಳಗಿಟ್ಟು, ನೀರು ಕುಡಿದು ಮತ್ತೆ ನೋಡಿದಳು. ಕೆಂಪೇ. ನಿದ್ದೆ ಸಾಲದ ತನ್ನ ಕಣ್ಣೇ ತಪ್ಪು ನೋಡುತ್ತಿರಬಹುದು ಅಂದುಕೊಳ್ಳಲು ಅವಳಿಗೂ ಆಸೆಯಿತ್ತು. ಅಕ್ಕ ಹಡೆಯಲು ತವರಿಗೆ ಬಂದಿದ್ದಳು. ಹಸುಗೂಸಿರುವ ಮನೆಯಲ್ಲಿ ನಿದ್ದೆ ಎನ್ನುವುದು ದೂರದ ನೆಂಟರ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

"ನೀಲಾಬಾಯಿ, ಇಂಥಾ ಥಂಡ್ಯಾಗ ನಿಮ್ಮ ಮನಿ ಗಾಜಿಗಿ ಯಾರ ಮ್ಯಾಲ ಸಿಟ್ಟು ಬಂದದರಿ?"

ಇಫ್ತಿಕಾರ್ ಸರ್ ಚಹಾದ ಲೋಟ ಹಿಡಿದು ಹಿಂದೆ ನಿಂತಿದ್ದರು. ಕೇಂದ್ರಕ್ಕೆ ಅವರೇ ಮುಖ್ಯಸ್ಥರು. ಇಡೀ ಜನ್ಮವನ್ನು ಒಂದು ಪುಡಿಯ ಹಿಂದೆ ಸವೆಸಿದ ಮನುಷ್ಯ. ಆ ಪುಡಿ ವೆನೇಡಿಯಂ ಎಂಬ ಲೋಹದ ಆಕ್ಸೈಡು. ತಣ್ಣಗಿರುವಾಗ ಅದು ಕಲ್ಲಿನ ಜಾತಿ: ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಕಾವನ್ನು ತಡೆಯುವುದಿಲ್ಲ. ಗೊತ್ತಾದ ಒಂದು ಬಿಸಿ ದಾಟಿತೋ, ಒಳಗಿನ ಪರಮಾಣುಗಳು ಸಾಲು ಬದಲಿಸಿ ನಿಂತು, ಕಣ್ಣು ಮಿಟುಕಿಸುವುದರೊಳಗೆ ಅದು ಲೋಹವಾಗಿಬಿಡುತ್ತದೆ. ಆಗ ಬೆಳಕನ್ನು ಒಳಗೆ ಬಿಟ್ಟು ಕಾವನ್ನು ಮಾತ್ರ ಕನ್ನಡಿಯ ಹಾಗೆ ಹಿಂದಕ್ಕೆ ಎಸೆಯುತ್ತದೆ. ಬರೀ ಆಕ್ಸೈಡಾದರೆ ಕೈ ಸುಡುವಷ್ಟು ಬಿಸಿ ಬೇಕು. ಚಿಟಿಕೆ ಟಂಗ್‌ಸ್ಟನ್ ಬೆರೆಸಿ ಇಫ್ತಿಕಾರ್ ಸರ್ ಅದನ್ನು ಮೂವತ್ತೆರಡು ಡಿಗ್ರಿಗೆ ಇಳಿಸಿದ್ದರು. ಅದನ್ನು ತೆಳ್ಳಗೆ ಲೇಪಿಸಿದ ಗಾಜು ಬೆಲ್ಲ ಕದಡಿದ ನೀರಿನ ಬಣ್ಣಕ್ಕೆ ತಿರುಗುತ್ತಿತ್ತು. ಬಿಸಿಲು ಮುಟ್ಟಿದರೆ ಮುಚ್ಚಿಕೊಳ್ಳುತ್ತದೆ ಅಂತ ಓಣಿಯ ಹೆಂಗಸರು ಅದಕ್ಕೆ ಇಟ್ಟ ಹೆಸರು ನಾಚಿಕೆ ಗಾಜು. ಮುಚ್ಚಿದ್ದು, ತೆರೆದಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಪ್ರತಿ ಗಾಜಿನ ಅಂಚಿಗೂ ಕೂದಲೆಳೆಯಂಥ ತಂತಿ. ಗಾಜು ಲೋಹವಾದರೆ ಅದರಲ್ಲಿ ವಿದ್ಯುತ್ತು ಹರಿದು ಇಲ್ಲಿ ದೀಪ ಕೆಂಪಾಗುತ್ತಿತ್ತು.

ಹೊರಗೆ ಇನ್ನೂ ಶಾಲು ಹೊದೆಯುವ ಹವೆ. ಕೆಂಪಾಗಿದ್ದು ಪಡುವಣ ಗೋಡೆಯ ಗಾಜು. ಅದಕ್ಕೆ ಬಿಸಿಲು ಬೀಳುವುದೇ ಮಧ್ಯಾಹ್ನ ಕಳೆದ ಮೇಲೆ.

"ತಂತಿ ಸಡಿಲ ಆಗಿರಬೇಕು," ಅಂದರು ಇಫ್ತಿಕಾರ್ ಸರ್. "ಮನಿಗಿ ಹೋಗಿ ನೋಡಿ ಬರ್ರಿ. ನಾಡಿದ್ದು ಬೆಂಗಳೂರಿನ ಮಂದಿ ಬರ್ತಾರ. ಅವರು ಹ್ಞೂಂ ಅಂದ್ರ ಬ್ಯಾಸಗಿ ಒಳಗ ಊರ ತುಂಬ ಈ ಗಾಜು. ಅವರ ಮುಂದ ಒಂದು ದೀಪ ಹಿಂಗ ಕಣ್ಣು ಕೆಂಪು ಮಾಡ್ಕೊಂಡು ಕೂತ್ರ ಚಲೋ ಕಾಣಂಗಿಲ್ಲ."

ನೀಲಗಂಗಾ ತಲೆಯಾಡಿಸಿದಳು. ಅವಳಿಗೆ ಮಾತು ಕಡಿಮೆ. ಗಾಜು ಹಾಕಿಸಿಕೊಳ್ಳಿ ಎಂದು ಮನೆ ಮನೆಗೆ ಹೋಗಿ ಕೇಳಲು ನಾಚಿಕೆಯಾಗಿ, ಎಲ್ಲಕ್ಕಿಂತ ಮೊದಲು ತನ್ನ ಮನೆಯನ್ನೇ ಪ್ರಯೋಗಕ್ಕೆ ಕೊಟ್ಟವಳು ಅವಳು. ಅವ್ವ ಮಹಾಂತಮ್ಮ ಒಂದೇ ಮಾತಿಗೆ ಒಪ್ಪಿದ್ದಳು. ಹಿಂದಿನ ಬೇಸಿಗೆಯಲ್ಲಿ ಅಪ್ಪ ಬಿಸಿಲು ಬಡಿದು ಹೋದದ್ದು ಅದೇ ಪಡುವಣ ಖೋಲಿಯಲ್ಲಿ. "ಆ ಗ್ವಾಡಿ ಕಿತ್ತಿ ಒಗೀರಿ ಮೊದಲ," ಅಂದಿದ್ದಳು ಅವ್ವ. ತಗಡಿನ ಗೋಡೆ ಹೋಗಿ ಉದ್ದಕ್ಕೂ ಗಾಜು ಬಂದಿತ್ತು. ಮಹಾಂತಮ್ಮ ಹಾಕಿಸಿದ್ದನ್ನು ನೋಡಿ ಓಣಿಯೂ ಹಾಕಿಸಿತು.

ಮನೆಯ ಮುಂದಿನ ಪಡಸಾಲೆಯಲ್ಲಿ ಅವ್ವ ಮಾರುವ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯನ್ನು ಹೆಂಚಿಗೆ ಹಾಕುವುದು, ಒದ್ದೆ ಅರಿವೆಯಿಂದ ಅದರ ಮೈಗೆ ನೀರು ಸವರುವುದು, ತಿರುವಿ ಹಾಕುವುದು. ಆ ಕೈ ಯಾರು ಬಂದರೂ ನಿಲ್ಲುತ್ತಿರಲಿಲ್ಲ.

"ಇಷ್ಟು ಲಗೂ ಬಂದಿ? ಕೆಲಸ ಬಿಡಿಸಿದ್ರೇನ?"

"ಗಾಜು ನೋಡ್ಲಾಕ ಬಂದೀನಿ."

"ಗಾಜು ಎಲ್ಲಿ ಓಡಿ ಹೋಗ್ತದ? ಕೈಕಾಲ ತೊಳ್ಕೊಂಡು ಹೋಗು ಒಳಗ. ಹೊರಗಿಂದು ಕೂಸಿಗಿ ತಾಕಿಸಬ್ಯಾಡ."

ಖೋಲಿಯ ಬಾಗಿಲು ಸರಿಸಿದ ಕೂಡಲೇ ಕಾವು ಮುಖಕ್ಕೆ ಅಪ್ಪಳಿಸಿತು. ಲೋಬಾನದ ಹೊಗೆ, ಅಜವಾನದ ಘಾಟು. ಅಕ್ಕ ಸುಗಲಾ ಕಿವಿಗೆ ಅರಿವೆ ಕಟ್ಟಿಕೊಂಡು ಹೊರಸಿನ ಮೇಲೆ ಮಲಗಿದ್ದಳು. ಹೊರಸಿನ ಕೆಳಗೆ ಶೆಗಡಿ, ಅದರಲ್ಲಿ ನಿಗಿನಿಗಿ ಕೆಂಡ. ಗಾಜಿನ ಸಂದುಗಳಿಗೆಲ್ಲ ಗಾಳಿ ಬಾರದಂತೆ ಹಿಂದಿನ ರಾತ್ರಿಯಷ್ಟೇ ಸಿಮೆಂಟು ಚೀಲದ ಕಾಗದ ಮೆತ್ತಿದ್ದರು. ಓಣಿಯ ಸೂಲಗಿತ್ತಿ ಕಾಶಮ್ಮ ಆಯಿ ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಬಾ ನೀಲಾ. ನಿಮ್ಮ ಗಾಜು ಭಾಳ ಚಲೋ ಅದ ನೋಡು," ಅಂದಳು ಆಯಿ. "ಬ್ಯಾರೆ ಮನ್ಯಾಗ ಬುಟ್ಟಿಗಟ್ಟಲೆ ಇದ್ದಲಿ ಬೇಕು. ಇಲ್ಲಿ ಒಂದು ಬೊಗಸಿ ಹಾಕಿದ್ರ ಖೋಲಿ ಕುದೀತದ. ಬಾಣಂತ್ಯಾರಿಗಂತನೇ ಮಾಡ್ಯಾರ ಅನಸ್ತದ. ಮುಂದಿನ ಮನಿ ಸೊಸಿಗೂ ಇಲ್ಲೇ ಹಡೀಲಾಕ ಕರ್ಕೊಂಡು ಬರ್ತೀನಿ!"

ನೀಲಗಂಗಾ ನಿಂತಲ್ಲೇ ನಿಂತಳು. ತಂತಿಯನ್ನು ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ಕನ್ನಡಿಗೆ ಎರಡು ಮುಖ. ಹೊರಗಿನ ಕಾವನ್ನು ಹೊರಕ್ಕೆ ಎಸೆಯುವ ಗಾಜು ಒಳಗಿನ ಕಾವನ್ನು ಒಳಕ್ಕೇ ಎಸೆಯುತ್ತದೆ. ಕೆಂಡದ ಬಿಸಿಗೆ ಗಾಜು ಒಳಗಿನಿಂದ ಮುಚ್ಚಿಕೊಂಡಿತ್ತು. ಮುಚ್ಚಿಕೊಂಡಷ್ಟೂ ಖೋಲಿ ಕಾಯುತ್ತಿತ್ತು, ಖೋಲಿ ಕಾದಷ್ಟೂ ಗಾಜು ತೆರೆಯುತ್ತಿರಲಿಲ್ಲ.

ಕೇಂದ್ರದವರು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದು ಬೀಗ ಹಾಕಿದ ಒಂದು ಖಾಲಿ ಮನೆಯಲ್ಲಿ. ಅಲ್ಲಿ ಯಾರೂ ಹಡೆದಿರಲಿಲ್ಲ. ನೀಲಗಂಗಾ ಹುಟ್ಟಿ ಬೆಳೆದದ್ದೇ ಶೆಗಡಿಯ ಮನೆಯಲ್ಲಿ. ಹೊರಸಿನ ಕೆಳಗೆ ಕೆಂಡವಿರುವುದು ತಲೆಯ ಮೇಲೆ ಸೂರಿರುವಷ್ಟೇ ಸಹಜ. ಅದನ್ನು ಇಫ್ತಿಕಾರ್ ಸರ್‌ಗೆ ಹೇಳಬೇಕಾದ ಸಂಗತಿ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಸರ್ ಮನೆಯಲ್ಲೂ ಕೆಂಡವಿಟ್ಟೇ ಇರುತ್ತಾರೆ. ಅವರಿಗೂ ಹೊಳೆದಿರಲಿಲ್ಲ.

ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ ಎದ್ದಿತ್ತು.

"ಅವ್ವಾ," ಎಂದು ಹೊರಗೆ ಬಂದು ಹೇಳಿದಳು, "ಶೆಗಡಿ ಹೊರಗಿಡಮು. ಈ ಗಾಜಿಗಿ ಅದು ಕೂಡಂಗಿಲ್ಲ."

"ಗಾಜಿಗಿ ಕೂಡಂಗಿಲ್ಲಂತ ಬಾಣಂತಿಗಿ ಥಂಡಿ ಹಿಡಸ್ಲೇನು? ನೀ ಹಡದೀಯೇನ?"

"ಇಲ್ಲ, ಆದ್ರ..."

"ಹಂಗಾರ ಸುಮ್ಮಕಿರು. ನಾ ನಿಮ್ಮಿಬ್ರನ್ನೂ ಶೆಗಡಿ ಮ್ಯಾಲೇ ಬೆಳಸೀನಿ. ಏನಾಗ್ಯಾದ ನಿಮಗ?"

ಒಳಗಿನಿಂದ ಸುಗಲಾಳ ದಣಿದ ದನಿ ಬಂತು: "ಬಿಡು ನೀಲಾ. ನಿಮ್ಮ ಜಗಳ ಕೇಳ್ಲಾಕೂ ನನಗ ಶಕ್ತಿ ಇಲ್ಲ."

ಕೊನೆಗೆ ಅವ್ವ ಇಷ್ಟು ಮಾಡಿದಳು: ಇಕ್ಕಳ ಹಿಡಿದು ಹೋಗಿ ಅರ್ಧ ಕೆಂಡ ತೆಗೆದು ಒಲೆಗೆ ಹಾಕಿಕೊಂಡಳು. "ಸಮಾಧಾನ ಆಯ್ತೇನ? ಹೋಗು."

ಆದರೆ ಸಂಜೆಯವರೆಗೂ ದೀಪ ಕೆಂಪಾಗಿಯೇ ಇತ್ತು.

"ಅರ್ಧ ಕೆಂಡ ತೆಗದ್ರ ಆಗಂಗಿಲ್ಲ," ಅಂದರು ಇಫ್ತಿಕಾರ್ ಸರ್, ಎಲ್ಲ ಕೇಳಿದ ಮೇಲೆ. "ಇದು ಗಂಡ ಹೆಂಡಿರ ಸಿಟ್ಟಿದ್ದಂಗ. ಏರೋ ಹಾದಿ ಬ್ಯಾರೆ, ಇಳಿಯೋ ಹಾದಿ ಬ್ಯಾರೆ. ಮೂವತ್ತೆರಡಕ್ಕ ಮುಚ್ಚತದ ಖರೇ, ಮೂವತ್ತೊಂದಕ್ಕ ತೆರೆಯಂಗಿಲ್ಲ. ಇಪ್ಪತ್ತೇಳರ ಕೆಳಗ ಇಳೀಬೇಕು, ಆಗ ತೆರೀತದ. ಶೆಗಡಿ ಇರೋ ಖೋಲಿ ಅಷ್ಟು ತಣ್ಣಗ ಯಾವಾಗ ಆಗಬೇಕು?"

ಇಬ್ಬರೂ ಗಾಜಿನ ಒಂದು ಪೆಟ್ಟಿಗೆ ಮಾಡಿ, ಒಳಗೆ ಶೆಗಡಿಯ ಬದಲು ಒಂದು ಬಲ್ಬು ಇಟ್ಟರು. ಒಳಗಿಟ್ಟ ಉಷ್ಣಮಾಪಕದ ಪಾದರಸ ಏರುತ್ತಾ ಹೋಯಿತು. ಬಲ್ಬನ್ನು ಮಂದ ಮಾಡಿದರು. ಪಾದರಸ ಏರುವುದು ನಿಧಾನವಾಯಿತೇ ಹೊರತು ಇಳಿಯಲಿಲ್ಲ. ಆಮೇಲೆ ನೀಲಗಂಗಾ ಕೈವಸ್ತ್ರವನ್ನು ನೀರಲ್ಲಿ ಅದ್ದಿ ಗಾಜಿನ ಹೊರಮೈಗೆ ಸವರಿದಳು. ಗಾಜಿನ ತಂತಿಗೆ ಜೋಡಿಸಿದ್ದ ಮೀಟರಿನ ಮುಳ್ಳು ಟಿಕ್ ಅಂತ ಬಿತ್ತು. ಗಾಜು ತೆರೆದಿತ್ತು. ನೀರು ಆರಿತು, ಮತ್ತೆ ಮುಚ್ಚಿತು. ಸವರಿದಳು, ತೆರೆಯಿತು.

"ಸಾಕು," ಅಂದರು ಸರ್. "ಪ್ರತಿ ಸಲ ಮುಚ್ಚಿ ತೆರೆದಾಗ ಅದೂ ಒಂದೀಟು ದಣೀತದ. ಒಳಗ ಬಿರುಕು ಬೀಳ್ತಾವ. ನಮ್ಮಂಗ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಬ್ಯಾರೆ ಲೇಪ ಹುಡುಕಬೇಕಾದ್ರ ಇನ್ನೊಂದು ವರ್ಷ ಬೇಕು ನೀಲಾಬಾಯಿ. ಬ್ಯಾಸಗಿ ನಮ್ಮ ಸಲುವಾಗಿ ಕಾಯಂಗಿಲ್ಲ. ಹೋದ ಸಲ ನಮ್ಮ ಮೊಹಲ್ಲಾದಾಗ ಜನಾಜಾ ಹೊತ್ತು ಹೊತ್ತು ನನ್ನ ಹೆಗಲು ಹಣ್ಣಾಗ್ಯಾದ. ನಾಡಿದ್ದು ಅವರು ಬಂದಾಗ ಆ ತಂತಿ ಕೆಟ್ಟದ ಅಂದುಬಿಡಮು. ಗಾಜು ಊರಿಗಿ ಬರ್ಲಿ. ಬಾಣಂತ್ಯಾರದು ಆಮ್ಯಾಲ ನೋಡಮು."

ಅದು ಕೆಟ್ಟ ಮಾತಾಗಿರಲಿಲ್ಲ. ಅವಳಿಗೆ ಅಪ್ಪನ ನೆನಪಾಯಿತು.

ಮರುದಿನ ಮಧ್ಯಾಹ್ನ ಸುಗಲಾಳ ಫೋನು ಬಂತು. ಅವಳು ಅಳುತ್ತಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು.

"ನೀಲಾ, ಕೂಸು ಮಲಿ ಹಿಡಿವಲ್ದು. ಮೈ ಕಾದದ. ಅಳೋದೂ ಬಿಟ್ಟದ."

ಆಟೋ ಓಣಿಯ ತುದಿಯಲ್ಲಿ ನಿಲ್ಲುವ ಮೊದಲೇ ಅವಳು ಇಳಿದು ಓಡಿದಳು. ಯಾರನ್ನೂ ಕೇಳಲಿಲ್ಲ. ಖೋಲಿಗೆ ನುಗ್ಗಿ, ಸುತ್ತಿದ್ದ ಅರಿವೆಗಳನ್ನೆಲ್ಲ ಬಿಚ್ಚಿ, ಕೂಸನ್ನೆತ್ತಿಕೊಂಡು ಹಿತ್ತಲಿನ ಬೇವಿನ ಮರದ ಕೆಳಗೆ ಬಂದು ಕೂತಳು. ಓಢಣಿಯ ತುದಿ ಅದ್ದಿ ಕೂಸಿನ ಹಣೆ, ಕಂಕುಳು, ಅಂಗಾಲು ಒರೆಸಿದಳು. ಕೂಸು, ಕೈಗೆ ಸಿಕ್ಕ ಹಕ್ಕಿಯ ಹಾಗೆ, ಬಡಬಡ ಉಸಿರಾಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಮುಖ ಕಿವುಚಿ, ಬಾಯಿ ತೆರೆದು, ಓಣಿಗೆಲ್ಲ ಕೇಳುವಂತೆ ಚೀರಿತು. ಗೋಡೆ ಹಿಡಿದು ಬಂದ ಸುಗಲಾ ಅಲ್ಲೇ ಮಣ್ಣಲ್ಲಿ ಕೂತು ಎದೆಗೆ ಹಚ್ಚಿಕೊಂಡಳು. ಕೂಸು ಮೊಲೆ ಹಿಡಿಯಿತು.

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು.

"ತೊಟ್ಟಿಲಿಗಿನ್ನಾ ಹಾಕಿಲ್ಲ. ಕೂಸನ್ನ ಬಯಲಿಗಿ ತಂದಿ. ಬಾಣಂತಿನ್ನ ಮಣ್ಣಾಗ ಕೂಡಿಸಿದಿ. ಓದಿದ್ದು ಇದಕ್ಕೇನ?"

"ನಿನ್ನಿ ಕೆಂಡ ಕಡಿಮಿ ಮಾಡಿದ್ರಲ್ಲ, ಅದಕ್ಕೇ ಕೂಸಿಗಿ ಶೀತ ಬಡದದ," ಅಂದಳು ಕಾಶಮ್ಮ ಆಯಿ. ಮಾತಿನಲ್ಲಿ ಕೆಡುಕಿರಲಿಲ್ಲ. ಅವಳು ನಿಜವಾಗಿ ಹಾಗೆಯೇ ನಂಬಿದ್ದಳು. "ಶೀತಕ್ಕೇ ಮೈ ಕಾಯ್ತದ. ಶೆಗಡಿ ತುಂಬಿಸಿ ಇಡು ಮಹಾಂತಮ್ಮ."

ದವಾಖಾನೆಯ ನರ್ಸು ಬಂದು ಕೂಸನ್ನು ನೋಡಿ, ಕೆಂಡ ತೆಗೆಯಿರಿ, ಖೋಲಿ ತಣ್ಣಗಿರಲಿ ಎಂದು ಹೇಳಿ ಹೋದಳು. ಅವ್ವ ಬೀಗರ ಮಾತಿಗೆ ತಲೆಯಾಡಿಸುವಂತೆ ಆಡಿಸಿ, ಅವಳು ಓಣಿ ದಾಟಿದ ಮೇಲೆ ಶೆಗಡಿ ತುಂಬಿದಳು.

ನೀಲಗಂಗಾ ಅವ್ವನ ಕೈ ಹಿಡಿದು ಎಳೆದುಕೊಂಡು ಹೋಗಿ, ಶೆಗಡಿಗೂ ಗಾಜಿಗೂ ನಡುವೆ ನಿಲ್ಲಿಸಿದಳು. ಅವ್ವನ ಅಂಗೈಯನ್ನು ಗಾಜಿನತ್ತ ತಿರುಗಿಸಿ, ಮುಟ್ಟಿಸದೆ, ನಾಲ್ಕು ಬೆರಳು ದೂರದಲ್ಲಿ ಹಿಡಿದಳು. ಕೆಂಡ ಇದ್ದದ್ದು ಬೆನ್ನ ಹಿಂದೆ. ಕಾವು ಬರುತ್ತಿದ್ದದ್ದು ಮುಂದಿನಿಂದ.

"ಹೆಂಚು ಕಾದದೋ ಇಲ್ಲೋ ಹಿಂಗೇ ಹಿಡ್ದು ನೋಡ್ತಿ ಅಲ್ಲೇನವ್ವಾ?" ಅಂದಳು. "ಈಗ ಹೇಳು. ಇದು ಗಾಜೋ, ಹೆಂಚೋ? ಒದ್ದಿ ಅರಿವಿಲೆ ಹೊರಗಿಂದ ಸವರಿದ್ರ ತೆರೀತದ. ರೊಟ್ಟಿಗಿ ಸವರಿದಂಗ. ಆದ್ರ ಕೆಂಡ ಇರೋ ತನಕ ಮತ್ತ ಮುಚ್ಚತದ."

ಅವ್ವ ಕೈ ಕಿತ್ತುಕೊಂಡಳು. ಒಂದು ಗಳಿಗೆ ಆ ಅಂಗೈಯನ್ನೇ ನೋಡಿದಳು. ಹೋಗಿ ಹಿಟ್ಟಿನ ಮುಂದೆ ಕೂತಳು. ಅಂದು ಊಟಕ್ಕೆ ಕರೆಯಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು, ಮುಖ ಮಾತ್ರ ತೋರಿಸಲಿಲ್ಲ.

ಬೆಂಗಳೂರಿನಿಂದ ಬಂದವರು ಫಲಕದ ಮುಂದೆ ನಿಂತಿದ್ದರು. ಹಿರಿಯ ಅಧಿಕಾರಿ ಮೇಡಂ ಎಲ್ಲವನ್ನೂ ಮೆಚ್ಚಿದ ಮೇಲೆ ಬೆರಳು ತೋರಿಸಿದರು: "ಇದೊಂದು ಯಾಕೆ ಕೆಂಪಗಿದೆ?"

ಇಫ್ತಿಕಾರ್ ಸರ್ ಬಾಯಿ ತೆರೆದರು. ಮುಚ್ಚಿದರು. ಕಣ್ಣು ತಿರುಗಿಸಿ ನೀಲಗಂಗಾಳನ್ನು ನೋಡಿದರು. ಹೇಳು ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ. ತಂತಿ ಕೆಟ್ಟಿದೆ ಅನ್ನುವುದು ಎರಡೇ ಮಾತು. ಎರಡು ಮಾತಿನಲ್ಲಿ ಊರಿಗೆಲ್ಲ ನೆರಳು ಸಿಗುತ್ತಿತ್ತು. ಓಣಿ ಓಣಿಯಲ್ಲೂ ಒಂದೊಂದು ಕುದಿಯುವ ಖೋಲಿಯೂ.

"ಅದು ಕೆಟ್ಟಿಲ್ರೀ ಮೇಡಂ," ಅಂದಳು ನೀಲಗಂಗಾ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿತು. "ಅದರೊಳಗ ನಮ್ಮಕ್ಕ ಅದಾಳ. ಕೂಸದ."

ಆಮೇಲೆ ತಡೆದು ತಡೆದು ಎಲ್ಲ ಹೇಳಿದಳು: ಹೊರಸು, ಕೆಂಡ, ಕನ್ನಡಿಯ ಎರಡು ಮುಖ, ನಿನ್ನೆಯ ಕೂಸಿನ ಉಸಿರು. ಮುಖ ಕಾದು ಕಿವಿ ಸುಡುತ್ತಿದ್ದವು.

"ಗಾಜು ಹಾಕಿದ ಕೋಣೇಲಿ ಬೆಂಕಿ ಇಡಬೇಡಿ ಅಂತ ಒಂದು ಸುತ್ತೋಲೆ ಕಳಿಸಿದ್ರೆ ಮುಗೀತಲ್ಲ?" ಅಂದರು ಮೇಡಂ.

ಇಫ್ತಿಕಾರ್ ಸರ್ ನಕ್ಕೇಬಿಟ್ಟರು. "ಸುತ್ತೋಲೆ ಓದಿ ಶೆಗಡಿ ಆರಿಸೋ ಅವ್ವ ನಮ್ಮ ಕಲಬುರಗ್ಯಾಗ ಇನ್ನಾ ಹುಟ್ಟಿಲ್ರಿ, ಮೇಡಂ." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಹುಡುಗಿ ಖರೇ ಹೇಳ್ಲಕತ್ತಾಳ. ಲೇಪ ಬದಲು ಮಾಡಬೇಕು. ಒಂದು ಮುಖ ಕಾವು ಬಿಡಬೇಕು, ಇನ್ನೊಂದು ತಡೀಬೇಕು. ಟೈಮ್ ಕೊಡ್ರಿ."

ಮೇಡಂ ಕೆಟ್ಟವರಲ್ಲ. ನಿಟ್ಟುಸಿರು ಬಿಟ್ಟರು. ಈ ವರ್ಷದ ಮಟ್ಟಿಗೆ ಬೇಡ, ಮುಂದಿನ ವರ್ಷ ನೋಡೋಣ ಅಂದರು. ಹೋಗುವಾಗ ನೀಲಗಂಗಾಳ ಭುಜ ಮುಟ್ಟಿ ಹೋದರು. ಜೀಪುಗಳ ಸದ್ದು ದೂರವಾಯಿತು.

ಅಂದರೆ ಇನ್ನೊಂದು ಬೇಸಿಗೆ. ಒದ್ದೆ ಚಾದರ ಹೊದ್ದು ಮಲಗುವುದು, ಮುಂಜಾನೆ ಎದ್ದು ಯಾರ ಮನೆಯಿಂದ ಅಳು ಕೇಳುತ್ತದೆ ಎಂದು ಕಿವಿಗೊಡುವುದು. ನೀಲಗಂಗಾ ಫಲಕದ ಮುಂದಿನ ಕುರ್ಚಿಯಲ್ಲಿ ಕುಸಿದಳು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ತೂಗಿ ನೋಡುವಷ್ಟು ತ್ರಾಣ ಇರಲಿಲ್ಲ. ಅಷ್ಟೆಲ್ಲ ಹೇಳಿ ಆಗಿದ್ದರೂ ಆ ದೀಪ ಮಾತ್ರ ಕೆಂಪಾಗಿಯೇ ಉರಿಯುತ್ತಿತ್ತು. ಊರಿಗೆ ತಿಳಿಸಿದ್ದಾಯಿತು. ಅವ್ವನನ್ನು ಒಪ್ಪಿಸಲು ಆಗಿರಲಿಲ್ಲ.

"ಚಾ ಕುಡೀರಿ," ಅಂದು ಇಫ್ತಿಕಾರ್ ಸರ್ ಲೋಟ ಮುಂದಿಟ್ಟರು. "ನಾ ಹೇಳ್ಲಾಕ ಆಗದ್ದು ನೀವು ಹೇಳಿದ್ರಿ. ಇನ್ನ ನನಗ ಬೈಬ್ಯಾಡ್ರಿ, ನಿಮಗೂ ಬೈಕೋಬ್ಯಾಡ್ರಿ."

ಅವಳು ಲೋಟಕ್ಕೆ ಕೈ ಚಾಚಿದಾಗ ದೀಪ ಹಸಿರಾಯಿತು.

ಒಂದು ಗಳಿಗೆ, ಅಷ್ಟೇ. ಮತ್ತೆ ಕೆಂಪು.

ಮತ್ತೆ ಹಸಿರು.

"ಈಗ ಖರೇನೇ ತಂತಿ ಸಡಿಲ ಆಯ್ತು ನೋಡ್ರಿ," ಅಂದರು ಸರ್.

ನೀಲಗಂಗಾ ಕೈ ಎತ್ತಿ ತಡೆದಳು. ಹಸಿರು, ನೀರು ಆರುವಷ್ಟು ಹೊತ್ತು, ಕೆಂಪು, ಮತ್ತೆ ಹಸಿರು. ಆ ಲಯ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಹಾಕುವುದು, ಸವರುವುದು, ತಿರುವುವುದು. ಹಿತ್ತಲಲ್ಲಿ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ರೊಟ್ಟಿಯ ಅರಿವೆಯಿಂದ ಗಾಜಿಗೆ ನೀರು ಸವರಿ, ಅಂಗೈ ಒಡ್ಡಿ ನೋಡಿ, ಮತ್ತೆ ಸವರುತ್ತಿರುವ ಕೈ.

"ತಂತಿ ಅಲ್ರೀ ಸರ್," ಅಂದಳು. "ನಮ್ಮವ್ವ. ಖರೇನೋ ಸುಳ್ಳೋ ನೋಡ್ಲಕತ್ತಾಳ."

ಇಫ್ತಿಕಾರ್ ಸರ್ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಇಬ್ಬರೂ ಚಹಾ ಮರೆತು ನೋಡಿದರು. ಕೆಂಪು ಬಂತು, ಹೋಯಿತು. ಬಂತು. ಬಹಳ ಹೊತ್ತು ನಿಂತಿತು. ಆಮೇಲೆ ಹಸಿರಾಯಿತು. ಆ ಹಸಿರು ಮತ್ತೆ ಕದಲಲಿಲ್ಲ. ನೀರು ಆರುವಷ್ಟು ಹೊತ್ತು ಕಳೆಯಿತು. ಚಹಾ ಆರಿ ಕೆನೆಗಟ್ಟಿತು. ಓಣಿಗೆ ಓಣಿಯೇ ಹಸಿರಾಗಿ ಹೊಳೆಯುತ್ತಿತ್ತು.

ಫೋನು ನಡುಗಿತು. ಸುಗಲಾಳ ಸಂದೇಶ: "ಅವ್ವ ಶೆಗಡಿ ಹಿತ್ತಲಿಗಿ ಒಯ್ದು ಇಟ್ಟಾಳ. ಕೂಸು ಮಲಗ್ಯಾದ. ನೀಲಾಗ ಹೇಳಬ್ಯಾಡ ಅಂದಾಳ."

ನೀಲಗಂಗಾ ಫೋನು ಕೆಳಗಿಟ್ಟಳು. ಫಲಕದ ಕೆಳಗಿನ ಮೇಜಿನ ಮೇಲೆ ತೋಳು ಮಡಿಸಿ ತಲೆಯಿಟ್ಟಳು. ನಿದ್ದೆ, ಆ ದೂರದ ನೆಂಟ, ಕರೆಯದೆಯೇ ಬಂದು, ಪಕ್ಕದಲ್ಲಿ ಸುಮ್ಮನೆ ಕೂತ.